ಕಟ್ಟದೆ ಬಿಟ್ಟ ಕೂಸು

ಕೂಸಿನ ಮನೆಗೆ ಬಂದ ಮೊದಲ ದಿನ ನೂರಿಯ ಅಂಗಿ ಕಳಚಿದಾಗ ತನುಜಾಗೆ ಸಿಟ್ಟು ನೆತ್ತಿಗೇರಿತು. ಕೂಸಿನ ನಡುವಿನ ಸುತ್ತ ಕೆಂಪಗೆ ಒಂದು ಬರೆ ಎದ್ದಿತ್ತು. ಹಳೆಯ ಸೀರೆಯ ಅಂಚು ಹರಿದು, ಒಂದು ತುದಿಯನ್ನು ಕೂಸಿನ ನಡುವಿಗೂ ಇನ್ನೊಂದನ್ನು ಬದುವಿನ ಬೇವಿನ ಮರಕ್ಕೂ ಬಿಗಿದು ಕೆಲಸಕ್ಕಿಳಿಯುವುದು ಕೆಳಗಿನಕೊಪ್ಪದ ಹೆಂಗಸರಿಗೆ ಹೊಸದೇನಲ್ಲ. ಮಾಸೂರಿನ ಮದಗದ ಕೆರೆಯ ನೀರು ಹರಿಯುವಲ್ಲೆಲ್ಲ ಕೆಲಸ, ಕೆಲಸವಿದ್ದಲ್ಲಿ ಹೆಂಗಸರು, ಹೆಂಗಸರಿದ್ದಲ್ಲಿ ಮರಕ್ಕೆ ಕಟ್ಟಿದ ಕೂಸು. ಅದರಲ್ಲಿ ತಪ್ಪೇನಿದೆ ಎಂದು ಆ ಊರಲ್ಲಿ ಯಾರೂ ಕೇಳಿರಲಿಲ್ಲ. ತನುಜಾ ಕೇಳಿದಳು.

"ಏನವಾ ಗುಲ್ನಾಜ, ಇದೇನು ಕೂಸೋ ಕರುನೋ? ಕರಾನೂ ಹಿಂಗ ಬಿಗದು ಕಟ್ಟಂಗಿಲ್ಲ ಯಾರೂ."

ನೂರಿಯ ತಾಯಿ ಗುಲ್ನಾಜ ಸೆರಗಿನ ತುದಿ ಹಿಂಡುತ್ತ ನಿಂತಳು. "ಏನ್ ಮಾಡ್ಲಿರಿ ನಾನು? ಗೌಡ್ರು ನೆಟ್ಟಿನ ಒಳಗ ಕೂಸು ಬಿಡಂಗಿಲ್ರಿ, ಹೂವಾ ಹರೀತಾವಂತ. ಹೊರಗ ಬಿಟ್ರ ಎಲ್ಲಿ ಹೊಕ್ಕಾವೋ ಏನೋ."

"ಇನ್ನ ಮ್ಯಾಲ ನಾ ನೋಡ್ತೇನಿ. ಕಟ್ಟಿದ ಕೂಸಿನ ಬುದ್ಧಿ ಬೆಳಿಯಂಗಿಲ್ಲ. ಇನ್ನೊಮ್ಮಿ ಈ ಬರಿ ಕಂಡ್ರ ನಿನ್ನ ಮಾತಾಡ್ಸಂಗಿಲ್ಲ ನೋಡು."

ಹಾನಗಲ್ಲಿನಲ್ಲಿ ನಡೆದ ತರಬೇತಿಯಿಂದ ತನುಜಾ ಆಗಷ್ಟೇ ಬಂದಿದ್ದಳು. ಅಲ್ಲಿ ಪಾಠ ಹೇಳಿದ ಹೆಣ್ಣುಮಗಳು ಒಂದು ಗೊಂಬೆಯನ್ನು ಕುರ್ಚಿಯ ಕಾಲಿಗೆ ಕಟ್ಟಿ, "ನಿಮ್ಮನ್ನು ಹೀಗೆ ಕಟ್ಟಿದರೆ ಹೇಗಿರುತ್ತದೆ?" ಎಂದು ಕೇಳಿದ್ದಳು. ಆ ಮಾತು ತನುಜಾಳ ಎದೆಗೆ ನಾಟಿತ್ತು. ಅವಳ ತವರು ಶಿಗ್ಗಾಂವಿ ಕಡೆಯ ದುಂಡಸಿ. ಪಿಯುಸಿವರೆಗೆ ಓದಿದವಳು. ಮದುವೆಯಾಗಿ ಕೆಳಗಿನಕೊಪ್ಪಕ್ಕೆ ಬಂದ ಮೇಲೆ ತನ್ನ ಮಗನನ್ನು ಅತ್ತೆಯ ಮಡಿಲಲ್ಲಿ ಹಾಕಿ ನಿಶ್ಚಿಂತೆಯಿಂದ ಬೆಳೆಸಿದವಳು. ಮನೆಯಲ್ಲಿ ಎತ್ತಿಕೊಳ್ಳುವ ಕೈ ಇದ್ದವರಿಗೆ ಕಟ್ಟುವುದು ತಪ್ಪು ಎಂದು ಕಾಣುವುದು ಸುಲಭ. ಇದನ್ನು ಅವಳಿಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಡಲಿಲ್ಲ.

ಕೂಸಿನ ಮನೆ ಅಂದರೆ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳಲು ಸರಕಾರ ಮಾಡಿದ ವ್ಯವಸ್ಥೆ. ಕೆಳಗಿನಕೊಪ್ಪದಲ್ಲಿ ಅದಕ್ಕೆ ಸಿಕ್ಕಿದ್ದು ಹಳೆಯ ಶಾಲೆಯ ಒಂದು ಕೋಣೆ. ಗೋಡೆಗೆ ಬಣ್ಣ ಬಳಿದು ಆನೆ ಬರೆಸಿದ್ದರು. ಬರೆದವನು ಆನೆ ನೋಡಿರಲಿಲ್ಲವೋ ಏನೋ, ಅದು ಎಮ್ಮೆಗೆ ಸೊಂಡಿಲು ಹಚ್ಚಿದಂತಿತ್ತು. ಮಕ್ಕಳಿಗೇನೂ ಅದರ ತಕರಾರು ಇರಲಿಲ್ಲ. ನೋಡಿಕೊಳ್ಳಲು ತನುಜಾ, ಜೊತೆಗೆ ವಯಸ್ಸಾದ ಫಕ್ಕೀರವ್ವ. "ನಾನೂ ಹಡದದ್ದೆಲ್ಲಾ ಕಟ್ಟೇ ಬೆಳಸೇನಿ, ಬುದ್ಧಿಗೇನಾಗೇತಿ ಅವಕ್ಕ?" ಎಂದು ಫಕ್ಕೀರವ್ವ ಗೊಣಗುತ್ತಿದ್ದಳು. ತನುಜಾ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಬ್ಬೊಬ್ಬ ತಾಯಿಯನ್ನೂ ಬಾಗಿಲಲ್ಲಿ ನಿಲ್ಲಿಸಿ ಕೂಸಿನ ಅಂಗಿ ಎತ್ತಿ ನಡು ನೋಡುತ್ತಿದ್ದಳು. ಹೆಂಗಸರು ನಾಚಿದರು, ಬೈದುಕೊಂಡರು, ಕೊನೆಗೆ ಕಟ್ಟುವುದನ್ನೇ ಬಿಟ್ಟರು. ಶಾಲೆಯ ಮಾಸ್ತರಬಾಯಿಯನ್ನು ಕರೆಯುವಂತೆ ಅವಳನ್ನೂ ಅಕ್ಕಾರ ಎಂದು ಕರೆಯತೊಡಗಿದರು. ಆ ಕರೆ ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು.

ನೂರಿ ಎದ್ದು ನಿಂತದ್ದು ಆ ಕೋಣೆಯಲ್ಲಿ. ವರ್ಷ ತುಂಬಿದರೂ ಕೂತಲ್ಲೇ ಕೂತಿರುತ್ತಿದ್ದ ಕೂಸು ಎಮ್ಮೆಯಾನೆಯ ಗೋಡೆ ಹಿಡಿದು ಎದ್ದಿತು, ಗೋಡೆ ಬಿಟ್ಟಿತು, ದಪ್ಪನೆ ಬಿದ್ದಿತು, ಮತ್ತೆ ಎದ್ದಿತು. ಆಮೇಲೆ ಅದನ್ನು ಹಿಡಿಯುವುದೇ ಕಷ್ಟವಾಯಿತು. ಬಾಗಿಲು ತೆರೆದರೆ ಅಂಗಳಕ್ಕೆ, ಅಂಗಳದಿಂದ ಬೀದಿಗೆ. "ಹಕ್ಕಿ ಆಗೇತ್ರಿ ನನ್ನ ಮಗಳು," ಎಂದು ಗುಲ್ನಾಜ ಸಂಜೆ ಕರೆದುಕೊಂಡು ಹೋಗಲು ಬಂದಾಗ ನಗುತ್ತಿದ್ದಳು. ಆ ನಗು ತನ್ನಿಂದ ಬಂದದ್ದು ಎಂದು ತನುಜಾಗೆ ಅನ್ನಿಸುತ್ತಿತ್ತು, ಅದು ಸುಳ್ಳೂ ಆಗಿರಲಿಲ್ಲ.

ಬೇಸಿಗೆಯೆಲ್ಲ ಗುಲ್ನಾಜ ಖಾತ್ರಿ ಕೆಲಸದಲ್ಲಿ ಕೆರೆಯ ಹೂಳು ಹೊತ್ತಳು. ಅವಳ ಗಂಡ ಫಯಾಜ, ಮಾವ ಹಜರತಅಲಿ, ಅತ್ತೆ ರಮಜಾನಬಿ ಎಲ್ಲರೂ ಹೊತ್ತರು. ಮಳೆ ಹಿಡಿಯುವ ಹೊತ್ತಿಗೆ ಆ ಮನೆಯ ಪಾಲಿನ ನೂರು ದಿನ ಮುಗಿದವು. ಗಂಡಸರು ಬೇರೆ ಕೆಲಸ ಹುಡುಕಿಕೊಂಡರು. ಗುಲ್ನಾಜ ಉಳವಪ್ಪಗೌಡರ ಹೊಲಕ್ಕೆ ಮರಳಿದಳು. ಗೌಡರು ಬೀಜದ ಕಂಪನಿಗಾಗಿ ಟೊಮ್ಯಾಟೊ ಬೆಳೆಯುತ್ತಾರೆ. ನೆಟ್ಟು ಎಂದು ಕರೆಯುವ, ಬಿಳಿ ಬಲೆ ಹೊದಿಸಿದ ಮನೆಯೊಳಗೆ ಹೆಂಗಸರು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಬೇಕು. ಅದಕ್ಕೆ ಊರಲ್ಲಿ ಕ್ರಾಸಿಂಗ್ ಅನ್ನುತ್ತಾರೆ. ತಲೆ ಎತ್ತಲು ಪುರುಸೊತ್ತಿಲ್ಲದ ಕೆಲಸ. ಗುಲ್ನಾಜ ಎಂದಿನಂತೆ ನೂರಿಯನ್ನು ಕೂಸಿನ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ತನುಜಾ ಎಂದಿನಂತೆ ಎತ್ತಿಕೊಳ್ಳುತ್ತಿದ್ದಳು. ಕೂಸಿಗೆ ಹಸಿವು ಅದೇ, ನಿದ್ದೆ ಅದೇ, ಅವ್ವ ಇಲ್ಲದ ಹಗಲೂ ಅದೇ. ಬದಲಾಗಿದ್ದೇನು?

ಬದಲಾಗಿದ್ದೇನು ಎಂದು ಪಂಚಾಯಿತಿಯ ಪಿಡಿಒ ಪರಮೇಶ ಒಂದು ಸಂಜೆ ಬಂದು ತಿಳಿಸಿದ.

"ತನುಜಾ ಅವರ, ನಾಳೆ ತಾಲೂಕಿನಿಂದ ಸಾಹೇಬ್ರು ಬರಾಕತ್ತಾರ. ಖಾತ್ರಿ ಹಾಜರಿ ಮಸ್ಟರ್‌ನ್ಯಾಗ ಹೆಸರಿದ್ದ ತಾಯಂದ್ರ ಮಕ್ಕಳಷ್ಟ ಇರಬೇಕು ನೋಡ್ರಿ. ಹೊರಗಿನ ಒಂದ ಕೂಸು ಕಂಡ್ರೂ ಬಾಗಿಲಾ ಹಾಕಸ್ತಾರ."

"ಹೊರಗಿನ ಕೂಸು ಯಾವದೈತ್ರಿ ಸರ್? ಎಲ್ಲಾ ಊರಾಗಿನವ ಅದಾವ."

"ಗುಲ್ನಾಜಂದು."

"ಆಕಿ ಬ್ಯಾಸಗಿ ತುಂಬ ಹೂಳು ಹೊತ್ತಾಳ್ರಿ."

"ಹೊತ್ತಾಳ, ಯಾರ ಇಲ್ಲ ಅಂದಾರ? ಆದ್ರ ಇಡೀ ಮನಿಗೆ ಒಂದ ಜಾಬ್ ಕಾರ್ಡ್. ವರ್ಷಕ್ಕ ಮನಿಗೆ ನೂರ ದಿನಾ. ಆ ಮನೀದು ಮುಗೀತು."

"ಕೂಸಿಂದೂ ಮುಗೀತೇನ್ರಿ?"

ಪರಮೇಶ ಗಾಡಿಯ ಕಡೆ ತಿರುಗಿದ. ಅವನೇನು ಕೆಟ್ಟ ಮನುಷ್ಯನಲ್ಲ. ಬೆಳಗಿನಿಂದ ಸಂಜೆವರೆಗೆ ಮೇಲಿನವರ ಫೋನು, ಕೆಳಗಿನವರ ಬೈಗುಳ ಎರಡನ್ನೂ ಉಣ್ಣುವವನು. "ನೋಡ್ರಿ, ಒಂದ ಕೂಸಿನ ಸಲುವಾಗಿ ಎಲ್ಲಾ ಮಕ್ಕಳದೂ ಹಾಳ ಮಾಡಬ್ಯಾಡ್ರಿ. ನಾಳೆ ಒಂದ ದಿನಾ ಅಷ್ಟ. ಸಾಹೇಬ್ರು ಹೋದ ಮ್ಯಾಲ ಯಾರ ಬರ್ತಾರ, ಯಾರ ಬಿಡ್ತಾರ, ನಾ ಕೇಳಂಗಿಲ್ಲ," ಎಂದು ಗಾಡಿ ಹತ್ತಿದ. ಒಬ್ಬರನ್ನು ಹೊರಗೆ ಹಾಕುವಾಗ ಉಳಿದವರ ಹೆಸರು ಹೇಳುವುದು ಸರಕಾರಕ್ಕೂ ಗೊತ್ತು, ಸರಕಾರದ ಸಂಬಳ ಉಣ್ಣುವವರಿಗೂ ಗೊತ್ತು. ತನುಜಾಗೆ ಅದು ಮೋಸ ಅನ್ನಿಸಲಿಲ್ಲ. ಲೆಕ್ಕ ಸರಿಯಾಗಿಯೇ ಇದೆ ಅನ್ನಿಸಿತು. ಒಂದೇ ದಿನ ತಾನೆ?

ಮರುದಿನ ಗುಲ್ನಾಜ ಬುತ್ತಿಯ ಡಬ್ಬಿ ಕಂಕುಳಲ್ಲಿ ಅವುಚಿಕೊಂಡು, ನೂರಿಯನ್ನು ಎತ್ತಿಕೊಂಡು ಓಡೋಡಿ ಬಂದಳು. ತನುಜಾ ಹೊಸ್ತಿಲ ಮೇಲೆ ಅಡ್ಡ ನಿಂತಿದ್ದಳು. ನೂರಿ ಎರಡೂ ಕೈ ಚಾಚಿ ಅವಳ ಕಡೆ ಜೀಕಿತು. ತನುಜಾ ಕೈ ಮುಂದೆ ಮಾಡಲಿಲ್ಲ.

"ಇವತ್ತೊಂದ ದಿನಾ ಬ್ಯಾಡ, ಗುಲ್ನಾಜ. ಸಾಹೇಬ್ರು ಬರ್ತಾರ. ನಾಳೆ ಕರಕೊಂಬಾ."

"ಯಾಕ್ರಿ ಅಕ್ಕಾರ? ಏನ್ ತಪ್ಪ ಮಾಡೇತಿ ಕೂಸು?"

"ಕೂಸಿಂದಲ್ಲ. ನಿನ್ನ ಹೆಸರ ಮಸ್ಟರ್‌ನ್ಯಾಗ ಇಲ್ಲ."

ಗುಲ್ನಾಜ ಸುತ್ತ ನೋಡಿದಳು, ಯಾರಾದರೂ ಬೇರೆಯವರು ಸಿಕ್ಕಾರೋ ಎಂಬಂತೆ. "ಅತ್ತಿನೂ ಮನ್ಯಾಗಿಲ್ರಿ. ನಾದಿನಿಗೆ ಆರಾಮಿಲ್ಲಂತ ಸವಣೂರಿಗೆ ಹೋಗ್ಯಾರ. ಇವತ್ತ ಕ್ರಾಸಿಂಗ್ ತಪ್ಪಸಿದ್ರ ಗೌಡ್ರು ನಾಳೆ ಬ್ಯಾರೇದವರನ್ನ ಕರೀತಾರ್ರಿ. ಒಂದ್ ಮೂಲ್ಯಾಗ ಕುಂದ್ರಸ್ರಿ, ಅಳಂಗಿಲ್ಲ ಅದು."

"ನನ್ನ ಕೈಯಾಗ ಇಲ್ಲವಾ. ಇದೊಂದ ಕೂಸು ಕಂಡ್ರ ಎಲ್ಲಾರದೂ ಮುಚ್ಚತೈತಿ."

ಗುಲ್ನಾಜ ಕೂಸನ್ನು ಹೆಗಲಿಗೆ ಏರಿಸಿಕೊಂಡಳು. ಬೇಡುವುದು ಎಲ್ಲಿಯವರೆಗೆ ಎಂದು ಬಡವರಿಗೆ ಬಲು ಬೇಗ ತಿಳಿಯುತ್ತದೆ. ತನುಜಾ ಒಳಗಿನಿಂದ ಒಂದು ಶೇಂಗಾ ಉಂಡೆ ತಂದು ನೂರಿಯ ಕೈಗಿಟ್ಟಳು. ಕೂಸು ಉಂಡೆ ಹಿಡಿದುಕೊಂಡು, ಅವ್ವನ ಹೆಗಲ ಮೇಲಿಂದ ಹಿಂದೆ ನೋಡುತ್ತಲೇ ಹೋಯಿತು. ಹೊಲದಲ್ಲಿ ಕೂಸನ್ನು ಕಟ್ಟು ಎಂದು ತನುಜಾ ಹೇಳಲಿಲ್ಲ, ಕಟ್ಟಬೇಡ ಎಂದೂ ಹೇಳಲಿಲ್ಲ. ಆ ಮಾತು ಅವಳಿಗೆ ನೆನಪೇ ಆಗಲಿಲ್ಲ. ಮಕ್ಕಳ ತಲೆ ಬಾಚುವುದಿತ್ತು, ನೆಲ ಒರೆಸುವುದಿತ್ತು.

ಸಾಹೇಬರಿಗಾಗಿ ಮಕ್ಕಳು ಪೌಡರು ಹಚ್ಚಿಸಿಕೊಂಡು ಕಾದವು. ಆಟಿಕೆಗಳನ್ನು ಸಾಲಾಗಿ ಜೋಡಿಸಿದ್ದರಿಂದ ಯಾರೂ ಮುಟ್ಟುವ ಹಾಗಿರಲಿಲ್ಲ. ಬಿಸಿಲೇರಿತು. ಒಂದು ಕೂಸು ಹೊಸ ಚಾಪೆಯ ಮೇಲೆ ಉಚ್ಚೆ ಹೊಯ್ದಿತು. ಫಕ್ಕೀರವ್ವ ಸಾಹೇಬರ ಮನೆತನವನ್ನೆಲ್ಲ ಉದ್ಧಾರ ಮಾಡುತ್ತ ಅದನ್ನು ಒರೆಸಿದಳು. ಮಧ್ಯಾಹ್ನದ ಹೊತ್ತಿಗೆ ಪರಮೇಶನ ಫೋನು ಬಂತು. ಸಾಹೇಬರಿಗೆ ಏನೋ ಮೀಟಿಂಗ್ ಬಂದಿದೆಯಂತೆ, ಇವತ್ತು ಬರುವುದಿಲ್ಲವಂತೆ.

"ಹಂಗಾರ ಗುಲ್ನಾಜನ ಕೂಸಿನ್ನ ಕರಕೊಂಬರ್ಲೆನ?" ಎಂದಳು ಫಕ್ಕೀರವ್ವ.

"ಮಕ್ಕಳ ಊಟಾ ಆಗ್ಲಿ, ನಾನ ಹೋಗಿ ತರ್ತೇನಿ," ಎಂದಳು ತನುಜಾ. ಗೌಡರ ಹೊಲ ಹತ್ತಿರವೇನಿರಲಿಲ್ಲ. ಮೊಟ್ಟೆ ಸುಲಿಯುತ್ತ ಕುಳಿತಳು.

ಆಗಲೇ ಗೌಡರ ಟ್ರ್ಯಾಕ್ಟರ್ ಹೊಡೆಯುವ ಹುಲಗೇಶ ಬೈಕಿನಲ್ಲಿ ಬಂದು ಅಂಗಳದಲ್ಲಿ ನಿಂತ. ಒಳಗೆ ಬಾರದೆ ಬಾಗಿಲಿನಿಂದಲೇ ಇಣುಕಿ, ಒಂದೊಂದೇ ಕೂಸಿನ ಮುಖ ನೋಡಿದ.

"ಅಕ್ಕಾರ, ನೂರಿ ಇಲ್ಲಿಗೆ ಬಂದೈತೇನ್ರಿ?"

"ಇಲ್ಲಲ್ಲ! ಅವ್ವನ ಕೂಡ ಹೋಗೇತಿ ಅದು. ಯಾಕ?"

"ಕಾಣವಲ್ದು. ಕಬ್ಬಿನಾಗೆಲ್ಲಾ ಹುಡಿಕಿದ್ವಿ. ನಡಕೋತ ಇಲ್ಲಿಗೇ ಬಂದಿರಬೇಕು ಅಂತ ಗುಲ್ನಾಜ ಅನ್ನಾಕತ್ತಾಳ. ಕೂಸಿಗೆ ಬ್ಯಾರೆ ದಾರಿ ಗೊತ್ತಿಲ್ಲಂತ."

ತನುಜಾ ಸುಲಿಯುತ್ತಿದ್ದ ಮೊಟ್ಟೆ ಬಿಟ್ಟು ಎದ್ದಳು. ಮಕ್ಕಳನ್ನು ಫಕ್ಕೀರವ್ವಗೆ ಬಿಟ್ಟು ಅವಳು ಹುಲಗೇಶನ ಬೈಕು ಹತ್ತಿದಳು. ದಾರಿಯುದ್ದಕ್ಕೂ ಎಡಬಲ ನೋಡಿದಳು. ಬೇಲಿಯ ಸಂದಿಯಲ್ಲಿ ಕುಳಿತಿರಬಹುದು, ಯಾರದೋ ಮನೆಯ ಕಟ್ಟೆಯ ಮೇಲೆ ಮಲಗಿರಬಹುದು. ಸಿಕ್ಕರೆ ನಾಳೆಯಿಂದ ಯಾವ ಸಾಹೇಬ ಬಂದರೂ ಬಿಟ್ಟುಕೊಡುವುದಿಲ್ಲ ಎಂದು ಕಂಡ ದೇವರಿಗೆಲ್ಲ ಹೇಳಿಕೊಂಡಳು. ಆದರೆ ನೆಟ್ಟಿಗೆ ನೀರು ಬಿಡಲು ಗೌಡರು ಕೃಷಿ ಹೊಂಡ ತೋಡಿಸಿದ್ದು ಊರಿಗೆಲ್ಲ ಗೊತ್ತಿತ್ತು.

ಆ ಹೊಂಡದ ಮೂರು ಕಡೆ ತಂತಿಬೇಲಿ ಇತ್ತು. ನಾಲ್ಕನೆಯ ಕಡೆ ಪಂಪಿನ ಪೈಪು ಎಳೆಯಲೆಂದು ಬಿಚ್ಚಿದ್ದರು, ಮತ್ತೆ ಕಟ್ಟಿರಲಿಲ್ಲ. ಒಳಗೆಲ್ಲ ಕರಿಯ ಪ್ಲಾಸ್ಟಿಕ್ ಹಾಳೆ. ದೊಡ್ಡವರೇ ಜಾರಿದರೆ ಹಿಡಿದು ಹತ್ತಲು ಒಂದು ಕಲ್ಲಿಲ್ಲ, ಒಂದು ಬೇರಿಲ್ಲ. ಇವರು ಹೋಗುವ ಹೊತ್ತಿಗೆ ಅಲ್ಲಿ ಜನ ನಿಂತಿದ್ದರು. ಹುಲಗೇಶ ಪೈಪು ಹಿಡಿದುಕೊಂಡು ಇಳಿದ. ಎರಡು ಸಲ ಬರಿಗೈಯಲ್ಲಿ ಮೇಲೆ ಬಂದ. ಆಮೇಲೆ ಬರಿಗೈಯಲ್ಲಿ ಬರಲಿಲ್ಲ.

ಗುಲ್ನಾಜ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸೆರಗಿನಿಂದ ತಲೆ ಒರೆಸತೊಡಗಿದಳು. ಸ್ನಾನ ಮಾಡಿಸಿದ ಮೇಲೆ ಒರೆಸುವಂತೆ, ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ. ತನುಜಾ ಹತ್ತಿರ ಹೋಗಿ ಕುಳಿತಳು. ಒದ್ದೆ ಅಂಗಿ ಮೇಲೆ ಸರಿದು ಕೂಸಿನ ನಡು ಕಾಣುತ್ತಿತ್ತು. ಬರೆ ಇರಲಿಲ್ಲ. ಎಂದೋ ಮಾಯ್ದು ಹೋಗಿ, ಚರ್ಮ ನುಣ್ಣಗಾಗಿತ್ತು. ಅದನ್ನು ನೋಡಿದ ಗಳಿಗೆಯಲ್ಲಿ ಅವಳಿಗೆ ಎಲ್ಲವೂ ತಿಳಿಯಿತು, ತಿಳಿದದ್ದಕ್ಕೆ ಸತ್ತುಹೋಗಬೇಕು ಅನ್ನಿಸಿತು.

ಪೊಲೀಸರು ಬಂದರು, ಕೇಳುವುದನ್ನು ಕೇಳಿದರು, ಬರೆದುಕೊಂಡು ಹೋದರು. ದಫನ್ ಆಯಿತು. ಪರಮೇಶ ಮರುದಿನ ತನುಜಾಳ ಮನೆಗೇ ಬಂದ. ಅವನ ಮುಖವೂ ಬಾಡಿತ್ತು, ಆದರೆ ಬಾಯಲ್ಲಿ ಸಮಾಧಾನದ ಮಾತಿತ್ತು.

"ನಿಮ್ಮದೇನೂ ತಪ್ಪಿಲ್ರಿ. ನೀವು ನಿಯಮದ ಪ್ರಕಾರ ನಡಕೊಂಡೀರಿ. ತಾಯಿ ಲಕ್ಷ್ಯ ಕೊಡ್ಲಿಲ್ಲ ಅಂತ ಆಗತೈತಿ. ಕೂಸು ಆ ಹೊತ್ತಿಗೆ ನಮ್ಮ ಕೂಸಿನ ಮನ್ಯಾಗ ಇರಲಿಲ್ಲ, ಅದೊಂದ ಛಲೋ ಆತು ನೋಡ್ರಿ."

"ಏನ್ ಛಲೋ ಆತ್ರಿ?"

ಪರಮೇಶ ತನ್ನ ಮಾತು ತಾನೇ ಕೇಳಿಸಿಕೊಂಡವನಂತೆ ನಾಲಿಗೆ ಕಚ್ಚಿಕೊಂಡ.

"ನಾ ಬಾಗಲದಾಗ ನಿಂತು ಹೊಳ್ಳಿ ಕಳಿಸೇನ್ರಿ ಸರ್. ಅದನ್ನ ಬರೀರಿ."

"ಯಾರ ಕೇಳ್ಯಾರ್ರಿ ನಿಮ್ಮನ್ನ?" ಎಂದ ಅವನು, ಬಹಳ ಮೆತ್ತಗೆ. "ಯಾರೂ ಕೇಳಿಲ್ಲ. ಕೇಳೂದೂ ಇಲ್ಲ. ಸುಮ್ನ ಇರ್ರಿ."

ಅದು ನಿಜವಾಗಿತ್ತು. ಊರಲ್ಲಿ ಒಬ್ಬರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಒಂದು ತುತ್ತು ಅನ್ನವಾದರೂ ಇಳಿಯುತ್ತಿತ್ತೇನೋ. ಬೈಸಿಕೊಳ್ಳಲೆಂದೇ ಅವಳು ಗುಲ್ನಾಜಳ ಮನೆಗೆ ಹೋದಳು. ಸವಣೂರಿನಿಂದ ಓಡಿಬಂದಿದ್ದ ರಮಜಾನಬಿ ಬಾಗಿಲಲ್ಲಿ ಅವಳನ್ನು ಕಂಡು, "ಬರ್ರಿ, ಕುಂದರ್ರಿ," ಎಂದು ಚಾಪೆ ಹಾಸಿದಳು. ಗುಲ್ನಾಜ ಗೋಡೆಗೊರಗಿ ಕುಳಿತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು: ಭಯ. ತಪ್ಪು ತನ್ನದೇ ಎಂದು ಎಲ್ಲರೂ ಹೇಳಿ ಹೇಳಿ ಅವಳು ಅದನ್ನೇ ನಂಬತೊಡಗಿದ್ದಳು.

"ಅಕ್ಕಾರ, ನೀವರ ಹೇಳ್ರಿ ಅವರಿಗೆ. ಕೂಸಿನ್ನ ಯಾಕ ಕಟ್ಟಲಿಲ್ಲ ಅಂತ ಎಲ್ಲಾರೂ ಕೇಳಾಕತ್ತಾರ. ಗೌಡ್ರೂ ಕೇಳಿದ್ರು, ಮಾವಾನೂ ಕೇಳಿದ್ರು. ನೀವು ಹೇಳಿದ ಮ್ಯಾಲ ನಾ ಒಂದ ದಿನಾನೂ ಕಟ್ಟಿಲ್ರಿ. ಸೀರಿ ಅಂಚು ಒಲಿಗೆ ಹಾಕಿದ್ದೆ. ಅವತ್ತ ಮರದ ಬುಡಕ ಕುಂದ್ರಿಸಿ, ಉಂಡಿ ತಿನ್ನಕೋತ ಕುಂದ್ರವಾ, ಬಂದೆ ಅಂದೆ. ಕುಂತಿತ್ರಿ. ಒಂದ ಸಾಲು ಮುಗಿಸಿ ನೋಡಿದಾಗೂ ಕುಂತಿತ್ತು." ತನುಜಾಳ ಮುಖ ನೋಡಿ ಕೇಳಿದಳು: "ನಾ ಕಟ್ಟದ ಬಿಟ್ಟದ್ದು ತಪ್ಪೇನ್ರಿ?"

ತನುಜಾ ಅವಳ ಕೈ ಹಿಡಿದುಕೊಂಡಳು. "ನಿಂದಲ್ಲ," ಎಂದಳು. "ಕಟ್ಟಬ್ಯಾಡ ಅಂದಾಕಿ ನಾನು. ಬಾಗಿಲಾ ಹಾಕಿದಾಕಿನೂ ನಾನು." ಗುಲ್ನಾಜಗೆ ಅದು ಕಿವಿಗೆ ಬಿತ್ತೋ ಇಲ್ಲವೋ. ಅವಳು ಮತ್ತೆ ಅದೇ ಪ್ರಶ್ನೆ ಕೇಳಿದಳು. ಅತ್ತೆ ಒಳಗಿನಿಂದ ನೀರು ತಂದಿಟ್ಟಳು.

ಆವತ್ತು ಬರಲು ಪುರುಸೊತ್ತಿಲ್ಲದಿದ್ದ ಸಾಹೇಬರು ಕೂಸು ಸತ್ತ ಮೇಲೆ ಬಂದರು. ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಸಭೆ. ಕೂಸಿನ ಮನೆಯ ಅಂಗಳದಲ್ಲಿ ಶಾಮಿಯಾನ, ಬ್ಯಾನರು, ನೀರಿನ ಬಾಟಲಿ. ತಾಯಂದಿರನ್ನೆಲ್ಲ ಕೆಲಸ ಬಿಡಿಸಿ ಕರೆತಂದಿದ್ದರು. ಗುಲ್ನಾಜ ಬಂದಿರಲಿಲ್ಲ, ಯಾರೂ ಕರೆದಿರಲಿಲ್ಲ. ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಬಾರದು, ತಾಯಿಯಾದವಳು ಎಚ್ಚರದಿಂದಿರಬೇಕು ಎಂದು ಸಾಹೇಬರು ಮಾತಾಡಿದರು. ಕರೆದೊಯ್ಯದೆ ಎಲ್ಲಿ ಬಿಡಬೇಕು ಎಂಬುದು ಅವರ ಭಾಷಣದಲ್ಲಿ ಬರಲಿಲ್ಲ. ಕೆರೆಯ ಹೂಳಿನ ಕೆಲಸ ಅಂದಿಗೆ ಮುಗಿದಿತ್ತು. ಭತ್ತದ ನಾಟಿ ಶುರುವಾಗಿತ್ತು; ಮರುದಿನದಿಂದ ಎಲ್ಲರೂ ಗೌಡರ ಹೊಲಗಳಿಗೇ. ಮಸ್ಟರ್‌ನಲ್ಲಿ ಒಬ್ಬ ತಾಯಿಯ ಹೆಸರೂ ಇರುವುದಿಲ್ಲ, ಆದ್ದರಿಂದ ಕೂಸಿನ ಮನೆಗೆ ಬೀಗ. ಕೂಸು ಬಿಡಲು ಜಾಗ ಬೇಕಾದ ತಿಂಗಳಿಗೇ ಸರಿಯಾಗಿ ಬೀಗ.

"ನಮ್ಮ ತನುಜಾ ಅವರು ತರಬೇತಿ ಪಡೆದವರು, ಎರಡು ಮಾತು ಹೇಳುತ್ತಾರೆ," ಎಂದು ಪರಮೇಶ ಮೈಕು ಕೊಟ್ಟ.

ತನುಜಾ ಮೈಕು ಕೆಳಗಿಟ್ಟಳು. ಎದುರಿಗೆ ಕುಳಿತ ಹೆಂಗಸರೆಲ್ಲ ಅವಳಿಗೆ ಗೊತ್ತು. ಅವರ ಮಡಿಲಲ್ಲಿದ್ದ ಒಂದೊಂದು ಕೂಸಿನ ನಡುವೂ ಗೊತ್ತು.

"ನೂರಿಯವ್ವ ಕೂಸಿನ್ನ ಕೆಲಸದ ಹುಚ್ಚಿಗೆ ಬಿಟ್ಟಾಕಿ ಅಲ್ಲ. ಇಲ್ಲೇ ತಂದಿದ್ಲು. ಈ ಹೊಸ್ತಿಲದಾಗ ನಿಂತು ಬ್ಯಾಡ ಅಂದಾಕಿ ನಾನು," ಎಂದಳು. ಸಾಹೇಬರು ಪರಮೇಶನ ಕಡೆ ನೋಡಿದರು. "ನಾಳಿಂದ ಈ ಬಾಗಿಲಾ ಯಾರಿಗೂ ತಗಿಯಂಗಿಲ್ಲ. ನಾ ಹೇಳಿದ್ದೆಲ್ಲಾ ಮರತಬಿಡ್ರಿ. ಬುದ್ಧಿ ಬೆಳಿಯಂಗಿಲ್ಲ ಅಂದಿದ್ದೆ, ಬೆಳಿಲಿಲ್ಲಂದ್ರ ಬಿಡವಲ್ದ್ಯಾಕ. ಬದುಕಿರ್ಲಿ. ಕಟ್ರಿ. ಗಂಟು ಬೆನ್ನಿನ ಕಡೆ ಬರಬೇಕು, ಕೂಸಿನ ಕೈಗೆ ಸಿಗಬಾರ್ದು."

ಪರಮೇಶ ಎದ್ದು ಬಂದು ಅವಳ ಮೊಣಕೈ ಮುಟ್ಟಿದ. ಅಷ್ಟರಲ್ಲಿ ಎರಡನೆಯ ಸಾಲಿನಲ್ಲಿದ್ದ ಶ್ವೇತಾ, ವರ್ಷವೂ ತುಂಬದ ಗಂಡುಮಗುವಿನ ತಾಯಿ, ಕೂಸನ್ನು ಎದೆಗೆ ಅವುಚಿಕೊಂಡೇ ಎದ್ದು ನಿಂತಳು.

"ಎಷ್ಟುದ್ದ ಬಿಡಬೇಕ್ರಿ ಅಕ್ಕಾರ, ಹಗ್ಗಾ?"

"ನೀರು ಮುಟ್ಟದಷ್ಟು," ಎಂದಳು ತನುಜಾ.